ದಪ್ಪಕ್ಷರದ ಹೊಟ್ಟೆಯೊಳಗಿನ ಬಿಳಿ

ಒಂದು ಅಂಗಡಿಯ ಬೋರ್ಡಿನಲ್ಲಿ ‘ಧನ’ ಅಂತ ಇರಬೇಕಿತ್ತು. ಫೈಲಿನಲ್ಲಿ ಹಾಗೇ ಇತ್ತು. ಪ್ರೂಫ್ ನೋಡಿದಾಗಲೂ ಸರಿ ಇತ್ತು. ಫ್ಲೆಕ್ಸ್ ಪ್ರಿಂಟಾಗಿ, ಚೌಕಟ್ಟಿಗೆ ಬಿಗಿದು ಮೇಲೆ ಏರಿಸಿದ ಸಂಜೆ, ರಸ್ತೆಯ ಆಚೆ ಬದಿ ನಿಂತಿದ್ದ ಹುಡುಗನೊಬ್ಬ ಅದನ್ನು ಜೋರಾಗಿ ಓದಿದ. ‘ದನ’ ಅಂತ ಓದಿದ.

ತಪ್ಪು ಅವನದಲ್ಲ. ಅವನ ಪಕ್ಕ ಹೋಗಿ ನಿಂತು ನೋಡಿದೆ. ನನಗೂ ದನವೇ ಕಂಡಿತು.

ಕೊಪ್ಪಳದಲ್ಲಿ ನನ್ನದೊಂದು ಚಿಕ್ಕ ಡಿಸೈನ್ ಅಂಗಡಿ. ಬೋರ್ಡು, ಬ್ಯಾನರ್, ಮದುವೆ ಕಾರ್ಡು, ಚೀಲದ ಮೇಲಿನ ಹೆಸರು, ಏನು ಬಂದರೂ ಮಾಡುತ್ತೇವೆ. ಬರುವ ಗಿರಾಕಿಗಳಲ್ಲಿ ಹೆಚ್ಚಿನವರ ಮಾತು ಒಂದೇ: ‘ಅಕ್ಷರ ದಪ್ಪ ಮಾಡ್ರಿ, ಎದ್ದು ಕಾಣಬೇಕು.’ ಅವತ್ತೂ ಅದನ್ನೇ ಮಾಡಿದ್ದೆ. ಪುಸ್ತಕಕ್ಕೆ ಬಳಸುವ ಒಂದು ಫಾಂಟ್ ತೆಗೆದುಕೊಂಡೆ. ಬೋಲ್ಡ್ ಗುಂಡಿ ಒತ್ತಿದೆ. ಸಾಲಲಿಲ್ಲ. ಅದೇ ಬಣ್ಣದ ಔಟ್‌ಲೈನ್ ಕೊಟ್ಟು ಇನ್ನಷ್ಟು ಉಬ್ಬಿಸಿದೆ. ಅದರ ಸುತ್ತ ಬಿಳಿ ಅಂಚು, ಕೆಳಗೆ ಕರಿ ನೆರಳು. ಪರದೆಯ ಮೇಲೆ ತುಂಬಿಕೊಂಡು ಚೆನ್ನಾಗಿಯೇ ಕಂಡಿತು.

‘ದ’ ಮತ್ತು ‘ಧ’ಗೆ ಇರುವ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಗೀಟು. ಶಾಲೆಯಲ್ಲಿ ಇದನ್ನು ‘ಹೊಟ್ಟೆ ಸೀಳು’ ಅಂತ ಕಲಿತವರಿದ್ದೇವೆ. ನಾನು ಅಕ್ಷರವನ್ನು ಉಬ್ಬಿಸಿದಾಗ ಆ ಗೀಟಿನ ಅಕ್ಕಪಕ್ಕ ಇದ್ದ ಬಿಳಿ ಮುಚ್ಚಿಹೋಯಿತು. ಬಿಳಿ ಹೋದ ಮೇಲೆ ಗೀಟು ಎಲ್ಲಿ ಉಳಿಯುತ್ತದೆ? ದಪ್ಪದಲ್ಲಿ ಮುಳುಗಿತು. ಬೋರ್ಡನ್ನು ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ. ಆದರೆ ಅವತ್ತಿನಿಂದ ದಪ್ಪಕ್ಷರವನ್ನು ನೋಡುವ ನನ್ನ ಕಣ್ಣೇ ಬೇರೆ ಆಯಿತು. ಅದರ ಕಪ್ಪು ಭಾಗಕ್ಕಿಂತ ಒಳಗಿನ ಬಿಳಿ ಭಾಗವನ್ನು ಮೊದಲು ನೋಡುತ್ತೇನೆ. ಆ ಬಿಳಿಯ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಫಾಂಟುಗಳಲ್ಲಿ ಎರಡು ದೊಡ್ಡ ಬಗೆ. ಒಂದು ಓದುವ ಅಕ್ಷರ. ಇನ್ನೊಂದು ಡಿಸ್‌ಪ್ಲೇ ಅಕ್ಷರ, ಅಂದರೆ ತೋರಿಸುವ ಅಕ್ಷರ. ಓದುವ ಅಕ್ಷರ ಜೋಳದ ರೊಟ್ಟಿ ಇದ್ದ ಹಾಗೆ. ದಿನಾ ಎರಡು ಹೊತ್ತು ತಿಂದರೂ ಬೇಸರ ಬರುವುದಿಲ್ಲ. ಪುಸ್ತಕದಲ್ಲಿ ಅದು ಸಾಮಾನ್ಯವಾಗಿ 10ರಿಂದ 12 ಪಾಯಿಂಟ್ ಗಾತ್ರದಲ್ಲಿರುತ್ತದೆ. 72 ಪಾಯಿಂಟ್ ಸೇರಿದರೆ 1 ಇಂಚು, ಹಾಗಾಗಿ ಅದು ಎಷ್ಟು ಚಿಕ್ಕದು ಅಂತ ಲೆಕ್ಕ ಹಾಕಬಹುದು. ಓದುವಾಗ ಅಂಥ ಅಕ್ಷರ ನಮ್ಮ ಗಮನಕ್ಕೇ ಬರಬಾರದು. ಡಿಸ್‌ಪ್ಲೇ ಅಕ್ಷರ ಹೋಳಿಗೆ. ಹಬ್ಬಕ್ಕೆ ಬೇಕೇ ಬೇಕು, ಆದರೆ ಎರಡು ತಿಂದರೆ ಸಾಕು. ಎರಡು ಮೂರು ಪದಕ್ಕಷ್ಟೇ ಅದರ ಕೆಲಸ. ಅದನ್ನು ಜನ ಓದುವ ಮೊದಲು ನೋಡುತ್ತಾರೆ. ಅದರ ಆಕಾರವೇ ಅರ್ಧ ಮಾತು ಹೇಳಿಬಿಡುತ್ತದೆ: ಇದು ಜಾತ್ರೆ, ಇದು ನಾಟಕ, ಇದು ಮಿಠಾಯಿ ಅಂಗಡಿ.

ಈ ಎರಡನೇ ಬಗೆಯಲ್ಲೇ ದಪ್ಪವೂ ಅಲಂಕಾರವೂ ಸೇರಿದ ಅಕ್ಷರಗಳು ಬರುತ್ತವೆ.

ದಪ್ಪ ಎಲ್ಲಿಂದ ಬಂತು

ಅಕ್ಷರ ಹೀಗೆ ಉಬ್ಬಿದ್ದು ಪುಸ್ತಕದಲ್ಲಲ್ಲ, ಗೋಡೆಯ ಮೇಲೆ. 19ನೇ ಶತಮಾನದ ಆರಂಭದ ಲಂಡನ್ನಿನಲ್ಲಿ ಲಾಟರಿ, ನಾಟಕ, ಹರಾಜುಗಳ ಜಾಹೀರಾತು ಗೋಡೆ ತುಂಬ ಅಂಟಿಕೊಳ್ಳುತ್ತಿದ್ದವು. ಪುಸ್ತಕದ ಅಕ್ಷರವನ್ನೇ ದೊಡ್ಡದು ಮಾಡಿದರೆ ಪಕ್ಕದ ಪೋಸ್ಟರಿನ ಮುಂದೆ ಅದು ಸೋಲುತ್ತಿತ್ತು. ಆಗ ಅಚ್ಚಿನ ಮೊಳೆ ತಯಾರಕರು ‘ಫ್ಯಾಟ್ ಫೇಸ್’ ಅನ್ನುವ ಅಕ್ಷರ ತಂದರು. ರಾಬರ್ಟ್ ಥಾರ್ನ್ ಹೆಸರು ಇದರ ಜೊತೆ ಕೇಳಿಬರುತ್ತದೆ. ಇಂಗ್ಲಿಷ್ ಅಕ್ಷರದ ನೆಟ್ಟಗೆ ನಿಂತ ಗೆರೆಗಳನ್ನು ಕಂಬದಂತೆ ದಪ್ಪ ಮಾಡಿದರು. ಅಡ್ಡ ಗೆರೆಗಳನ್ನು ಕೂದಲಿನಂತೆ ತೆಳ್ಳಗೇ ಬಿಟ್ಟರು. 1815ರ ಸುಮಾರಿಗೆ ವಿನ್ಸೆಂಟ್ ಫಿಗಿನ್ಸ್ ಅನ್ನುವವನು ಗೆರೆಯ ತುದಿಯಲ್ಲಿರುವ ಪಾದಗಳೂ ದಪ್ಪಗಿರುವ ಇನ್ನೊಂದು ಬಗೆ ತೋರಿಸಿದ. ದೊಡ್ಡ ಅಕ್ಷರವನ್ನು ಸೀಸದಲ್ಲಿ ಎರೆದರೆ ಎತ್ತಲಾರದಷ್ಟು ಭಾರ. ಅದಕ್ಕೆ 1827ರ ಸುಮಾರಿಗೆ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರಗಳನ್ನು ಯಂತ್ರದಲ್ಲಿ ಕೊರೆಯಲು ಶುರು ಮಾಡಿದ. ಮರ ಹಗುರ, ಅಗ್ಗ. ಅಲಂಕಾರವೂ ಸಲೀಸು. ಪೋಸ್ಟರ್ ಅಕ್ಷರಗಳ ಸುಗ್ಗಿಯೇ ಆಯಿತು.

ಅದೇ ಹೊತ್ತಿಗೆ ಕನ್ನಡದಲ್ಲಿ ಏನಾಗುತ್ತಿತ್ತು ನೋಡಿ. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಕನ್ನಡಕ್ಕೆ ಅಚ್ಚಿನ ಮೊಳೆ ಆಗಷ್ಟೇ ಬರುತ್ತಿತ್ತು. ಬಂದದ್ದು ವ್ಯಾಕರಣಕ್ಕೆ, ನಿಘಂಟಿಗೆ, ಧರ್ಮಗ್ರಂಥಕ್ಕೆ. ಅಂದರೆ ಓದುವ ಅಕ್ಷರ.

ಬಳ್ಳಾರಿಯವರಿಗೆ ಈ ಕಥೆಯಲ್ಲಿ ಒಂದು ಹೆಮ್ಮೆಯ ಜಾಗ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕ. ಅದು ಕಲ್ಲಚ್ಚಿನ ಪತ್ರಿಕೆ. ಕೈಬರಹವನ್ನೇ ಕಲ್ಲಿನ ಮೇಲೆ ಮೂಡಿಸಿ ತೆಗೆದ ಪ್ರತಿ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಬಂತು, ‘ಕನ್ನಡ ಸಮಾಚಾರ’ ಅಂತ ಹೆಸರು ಬದಲಾಯಿತು, ಅಲ್ಲಿನ ಮಿಷನ್ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿ ಅಚ್ಚಾಯಿತು. ಕೈಬರಹದಿಂದ ಮೊಳೆಗೆ ಕನ್ನಡ ಪತ್ರಿಕೆ ದಾಟಿದ್ದು ನಮ್ಮ ಬಳ್ಳಾರಿಯಲ್ಲಿ. ಪತ್ರಿಕೋದ್ಯಮದ ಪಾಠಗಳಲ್ಲಿ ಮಂಗಳೂರಿನ ಹೆಸರು ಬರುವಷ್ಟು ಬಳ್ಳಾರಿಯ ಹೆಸರು ಬರುವುದಿಲ್ಲ. ಬರಬೇಕು ಅನ್ನುವುದು ನನ್ನ ಆಸೆ.

ಇನ್ನೂ ಹಿಂದಕ್ಕೆ ಹೋದರೆ ಕನ್ನಡ ಅಕ್ಷರಕ್ಕೂ ದಪ್ಪಕ್ಕೂ ಸಂಬಂಧವೇ ಇರಲಿಲ್ಲ. ಕೊಪ್ಪಳದ ಗವಿಮಠದ ಗುಡ್ಡದ ಮೇಲೆ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನಗಳಿವೆ. ಬಂಡೆಯ ಮೇಲಿನ ಆ ಬ್ರಾಹ್ಮಿ ಅಕ್ಷರಗಳು ತೆಳು ಗೀರು. ಎಲ್ಲ ಕಡೆ ಒಂದೇ ದಪ್ಪ. ಕನ್ನಡ ಲಿಪಿ ಬೆಳೆದು ಬಂದದ್ದು ಆ ಬ್ರಾಹ್ಮಿಯಿಂದಲೇ. ಆಮೇಲೆ ಬಂದ ತಾಳೆಗರಿಯಲ್ಲೂ ಅಷ್ಟೇ. ಮೊನಚಾದ ಕಂಟದಿಂದ ಗೀರಿ, ಮೇಲೆ ಮಸಿ ಸವರಿ ಒರೆಸುತ್ತಿದ್ದರು. ಗೀರಿದ ಗೆರೆ ದಪ್ಪ ಆಗುವುದು ಹೇಗೆ? ಉಳಿ, ಕಂಟಗಳು ಕೊಟ್ಟ ದುಂಡನೆಯ, ತೆಳು ಗೆರೆಯ ಮೈಕಟ್ಟು ನಮ್ಮ ಲಿಪಿಯದು. ಅದರ ಮೇಲೆ ದಪ್ಪ ಹೊರಿಸುವುದು ತೀರಾ ಈಚಿನ ಮಾತು.

ಹೊರಿಸಿದವರು ಯಾರು? ಜಾಸ್ತಿ ಪಾಲು ಬೋರ್ಡು ಬರೆಯುವ ಪೇಂಟರುಗಳು. ಚಪ್ಪಟೆ ಕುಂಚ, ಎನಾಮಲ್ ಬಣ್ಣ, ಪುಡಿ ಸವರಿದ ದಾರ. ದಾರವನ್ನು ಎಳೆದು ಬಿಟ್ಟರೆ ಗೋಡೆ ಮೇಲೆ ನೇರ ಗೆರೆ ಮೂಡುತ್ತದೆ. ಆ ಎರಡು ಗೆರೆಗಳ ನಡುವೆ ಅಕ್ಷರ. ಕಂಪನಿ ನಾಟಕದ ಪರದೆ, ಸಿನಿಮಾ ಪೋಸ್ಟರು, ಲಾರಿಯ ಹಿಂಬದಿ, ಕಿರಾಣಿ ಅಂಗಡಿಯ ಬಾಗಿಲು, ಎಲ್ಲ ಅವರದೇ ಕೈ. ಇಂಗ್ಲಿಷಿಗೆ ಅಚ್ಚಿನ ಮೊಳೆ ತಯಾರಕರು ಮಾಡಿದ ಕೆಲಸವನ್ನು ನಮ್ಮಲ್ಲಿ ಇವರು ಮಾಡಿದರು. ಹಾಗಾಗಿ ನಮ್ಮ ದಪ್ಪಕ್ಷರದ ಪರಂಪರೆ ಬಹಳ ಕಾಲ ಫಾಂಟಿನಲ್ಲಿ ಇರಲಿಲ್ಲ, ಪೇಂಟರುಗಳ ಮಣಿಕಟ್ಟಿನಲ್ಲಿತ್ತು. ಫ್ಲೆಕ್ಸ್ ಬಂದು ಅವರ ಕೈಗೆ ಕೆಲಸ ಕಡಿಮೆಯಾದಾಗ ನಾವು ಕಳೆದುಕೊಂಡದ್ದು ಬರೀ ಬಣ್ಣವನ್ನಲ್ಲ. ಎಲ್ಲಿ ಬಿಳಿ ಬಿಡಬೇಕು ಅನ್ನುವ ಆ ಅಂದಾಜನ್ನೂ ಕಳೆದುಕೊಂಡೆವು.

ಮೂರು ಊರಿನ ಹೆಸರು

ಈಗ ಹತ್ತಿರದಿಂದ ನೋಡೋಣ. ನಮ್ಮ ಮೂರು ಊರುಗಳ ಹೆಸರನ್ನೇ ತೆಗೆದುಕೊಳ್ಳಿ: ರಾಯಚೂರು, ಬಳ್ಳಾರಿ, ಕೊಪ್ಪಳ. ಮೂರನ್ನೂ ಒಂದೇ ದಪ್ಪ ಫಾಂಟಿನಲ್ಲಿ, ಒಂದೇ ಗಾತ್ರದಲ್ಲಿ ಬರೆದು ನೋಡಿ.

ರಾಯಚೂರು ಉದ್ದಕ್ಕೆ ಓಡುತ್ತದೆ. ದೀರ್ಘ, ಕೊಂಬು ಎಲ್ಲ ಬಲಕ್ಕೆ ಚಾಚಿಕೊಳ್ಳುತ್ತವೆ. ಒತ್ತಕ್ಷರ ಒಂದೂ ಇಲ್ಲ. ಹಾಗಾಗಿ ಒಂದೇ ಸಾಲಿನಲ್ಲಿ ಆರಾಮಾಗಿ ಕೂರುತ್ತದೆ. ದಪ್ಪ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ. ಬಳ್ಳಾರಿ ಹಾಗಲ್ಲ. ನಡುವಿನ ‘ಳ್ಳಾ’ ಕೆಳಕ್ಕೆ ಒಂದು ಒತ್ತು ಇಳಿಸುತ್ತದೆ. ಕೊನೆಯ ‘ರಿ’ ಮೇಲಕ್ಕೆ ಗುಡಿಸು ಎತ್ತುತ್ತದೆ. ಪದ ಮೇಲೆ ಕೆಳಗೆ ಎರಡೂ ಕಡೆ ಜಾಗ ಕೇಳುತ್ತದೆ. ಕೊಪ್ಪಳ ಇನ್ನೂ ಬಿಗಿ. ಮೊದಲ ಅಕ್ಷರ ‘ಕೊ’ ಒಂದೇ ಇಬ್ಬರ ಜಾಗ ಹಿಡಿಯುತ್ತದೆ, ಪಕ್ಕದಲ್ಲೇ ‘ಪ್ಪ’ದ ಒತ್ತು ನೇತಾಡುತ್ತದೆ, ಕೊನೆಗೆ ‘ಳ’ದ ಸುರುಳಿ.

‘ಕ’ ಅಕ್ಷರವನ್ನೇ ಬಿಡಿಸಿ ನೋಡಿ. ಮೇಲೆ ತಲಕಟ್ಟು. ನಡುವೆ ಅಡ್ಡ ಗೆರೆ. ಕೆಳಗೆ ದುಂಡು. ತಲಕಟ್ಟಿಗೂ ಅಡ್ಡ ಗೆರೆಗೂ ನಡುವೆ ಒಂದು ಬಿಳಿ. ಅಡ್ಡ ಗೆರೆಯ ಕೆಳಗೆ ದುಂಡಿನೊಳಗೆ ಇನ್ನೊಂದು ಬಿಳಿ. ಲೆಕ್ಕಕ್ಕೆ ಗೆರೆಯ ದಪ್ಪ 4 ಮಿಲಿಮೀಟರ್, ಎರಡು ಗೆರೆಗಳ ನಡುವಿನ ಬಿಳಿಯೂ 4 ಮಿಲಿಮೀಟರ್ ಅಂದುಕೊಳ್ಳಿ. ಔಟ್‌ಲೈನ್ ಕೊಟ್ಟು ಪ್ರತಿ ಅಂಚನ್ನೂ 1 ಮಿಲಿಮೀಟರ್ ಉಬ್ಬಿಸಿದಿರಿ. ಗೆರೆ 6 ಮಿಲಿಮೀಟರ್ ಆಯಿತು. ಬಿಳಿ 2ಕ್ಕೆ ಇಳಿಯಿತು. ಕಪ್ಪು ಒಂದೂವರೆ ಪಟ್ಟು ಆಗುವಷ್ಟರಲ್ಲಿ ಬಿಳಿ ಅರ್ಧ ಆಗಿಹೋಯಿತು. ಇನ್ನೊಂದು ಮಿಲಿಮೀಟರ್ ಉಬ್ಬಿಸಿದರೆ ಬಿಳಿ ಪೂರ್ತಿ ಮಾಯ. ಬೋಲ್ಡ್ ಗುಂಡಿಯೂ ಎಷ್ಟೋ ಸಲ ಮಾಡುವುದು ಇದನ್ನೇ. ಆ ಫಾಂಟಿಗೆ ನಿಜವಾದ ದಪ್ಪ ರೂಪವನ್ನು ಯಾರೂ ಬರೆದಿಲ್ಲದಿದ್ದರೆ, ಸಾಫ್ಟ್‌ವೇರ್ ಸುಮ್ನೆ ಅಂಚನ್ನು ಉಬ್ಬಿಸಿ ಕೊಡುತ್ತದೆ.

ಇಂಗ್ಲಿಷ್ ಅಕ್ಷರ ಈ ಹಿಂಸೆಯನ್ನು ಒಂದಷ್ಟು ತಡೆದುಕೊಳ್ಳುತ್ತದೆ. ಅದರಲ್ಲಿ ನೆಟ್ಟಗಿನ ಗೆರೆಗಳಿವೆ, ನಡುವೆ ದೊಡ್ಡ ಬಯಲಿದೆ. ಕನ್ನಡದಲ್ಲಿ ನೆಟ್ಟಗೆ ನಿಂತ ಗೆರೆ ಹುಡುಕಿದರೂ ಸಿಗುವುದು ಕಡಿಮೆ. ಎಲ್ಲ ಬಾಗು, ಎಲ್ಲ ಸುರುಳಿ. ಮೇಲಾಗಿ ಒಂದು ಚುಕ್ಕೆ, ಒಂದು ಗೀಟು ಅರ್ಥವನ್ನೇ ಬದಲಿಸಿಬಿಡುತ್ತದೆ. ‘ರ’ದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ‘ಠ’. ಉಬ್ಬಿಸಿದಾಗ ಚುಕ್ಕೆ ಸುತ್ತಲಿನ ಗೆರೆಗೆ ಅಂಟಿಕೊಂಡರೆ ಮಠ ಮರ ಆಗುತ್ತದೆ. ಗವಿಮಠ ಇರುವ ಊರಿನಲ್ಲಿ ಇದು ಚಿಕ್ಕ ಮಾತಲ್ಲ. ‘ಪ’ದ ಹೊಟ್ಟೆಗೆ ಗೀಟು ಎಳೆದರೆ ‘ಷ’, ಕೆಳಗೆ ಸೀಳಿದರೆ ‘ಫ’. ಮೂರರದೂ ಮೈಕಟ್ಟು ಒಂದೇ.

ಹಾಗಾದರೆ ಒಳ್ಳೆಯ ದಪ್ಪ ಕನ್ನಡ ಅಕ್ಷರ ಬರೆಯುವವರು ಏನು ಮಾಡುತ್ತಾರೆ? ಮೊದಲು ಅಕ್ಷರವನ್ನು ಅಗಲ ಮಾಡುತ್ತಾರೆ. ಹೊಟ್ಟೆ ದೊಡ್ಡದಾದರೆ ಒಳಗೆ ಬಿಳಿ ಉಳಿಯುತ್ತದೆ. ಆಮೇಲೆ ದಪ್ಪವನ್ನು ಎಲ್ಲ ಕಡೆ ಸಮ ಹಂಚುವುದಿಲ್ಲ. ಹೊರಗಿನ ಬಾಗು ತುಂಬ ದಪ್ಪ, ಒಳಗಿನ ಅಡ್ಡ ಗೆರೆ ತೆಳು. ಎರಡು ಗೆರೆ ಸೇರುವ ಮೂಲೆಯಲ್ಲಿ ಸ್ವಲ್ಪ ಕೊರೆದು ಬಿಡುತ್ತಾರೆ. ಇಲ್ಲದಿದ್ದರೆ ಅಲ್ಲಿ ಮಸಿ ಚೆಲ್ಲಿದಂತೆ ಗಂಟು ಕಾಣುತ್ತದೆ. ‘ಠ’ದ ಚುಕ್ಕೆಗೆ ಜಾಗ ಬೇಕಾದರೆ ಆ ಒಂದು ಅಕ್ಷರದ ಸುತ್ತುಗೆರೆಯನ್ನೇ ಕೊಂಚ ಸಣ್ಣ ಮಾಡುತ್ತಾರೆ. ಪದದಲ್ಲಿ ಕೂತಾಗ ಯಾರಿಗೂ ಗೊತ್ತಾಗುವುದಿಲ್ಲ. ಒತ್ತಕ್ಷರ ಚಿಕ್ಕದು, ಅದಕ್ಕೆ ಮೇಲಿನ ಅಕ್ಷರದಷ್ಟೇ ದಪ್ಪ ಕೊಟ್ಟರೆ ಉಂಡೆಯಾಗುತ್ತದೆ. ಅದರ ಗೆರೆಯನ್ನು ಒಂದು ಹದಕ್ಕೆ ಇಳಿಸುತ್ತಾರೆ, ಆದರೆ ಕಣ್ಣಿಗೆ ಅದು ಮೇಲಿನದರ ಮಗುವಿನಂತೆಯೇ ಕಾಣಬೇಕು. ಇದೆಲ್ಲ ಒಂದೊಂದೇ ಅಕ್ಷರಕ್ಕೆ ಕೂತು ಮಾಡುವ ಕೆಲಸ.

ನನ್ನ ಪ್ರಕಾರ ದಪ್ಪ ಕನ್ನಡ ಫಾಂಟಿನ ನಿಜವಾದ ಪರೀಕ್ಷೆ ನಮ್ಮ ಕೊಪ್ಪಳದಲ್ಲೇ ಇದೆ. ‘ಗವಿಸಿದ್ಧೇಶ್ವರ ಜಾತ್ರೆ’ ಅಂತ ಬರೆದು ನೋಡಿ. ‘ದ್ಧೇ’ಯಲ್ಲಿ ‘ದ’ದ ಕೆಳಗೆ ಪುಟ್ಟ ‘ಧ’, ಆ ಪುಟ್ಟದರ ಹೊಟ್ಟೆಯಲ್ಲೊಂದು ಸೀಳು, ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ. ಕೂಡಲೇ ‘ಶ್ವ’, ಕೊನೆಗೆ ‘ತ್ರೆ’. ಪ್ರತಿ ವರ್ಷ ಜಾತ್ರೆ ಹೊತ್ತಿಗೆ ಊರ ತುಂಬ ಈ ಎರಡು ಪದ ನೂರಾರು ಫ್ಲೆಕ್ಸ್‌ಗಳಲ್ಲಿ ಏಳುತ್ತವೆ. ಒತ್ತಿನ ಸೀಳು ಕಾಣುವ ಫ್ಲೆಕ್ಸ್ ಸಿಕ್ಕರೆ ನಾನು ನಿಂತು ನೋಡುತ್ತೇನೆ.

ಸಿಗುವ ಫಾಂಟುಗಳು

ಈಗ ಪರಿಸ್ಥಿತಿ ಮೊದಲಿನಷ್ಟು ಬಡವಾಗಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುವ ‘ಬಲೂ ತಮ್ಮ 2’ ಮುಂಬೈನ ಏಕ್ ಟೈಪ್ ಗುಂಪಿನದು. ದುಂಡು, ದಪ್ಪ, ನಗುಮುಖ. ‘ಭಾಲೂ’ ಅಂದರೆ ಹಿಂದಿಯಲ್ಲಿ ಕರಡಿ. ಬೇರೆ ಬೇರೆ ಲಿಪಿಗಳಲ್ಲಿ ಅದಕ್ಕೆ ಅಣ್ಣ ತಮ್ಮಂದಿರಿದ್ದಾರೆ, ಕನ್ನಡಕ್ಕೆ ಬಂದವನು ತಮ್ಮ. ದರೋಜಿ ಕರಡಿಧಾಮ ಪಕ್ಕದಲ್ಲೇ ಇಟ್ಟುಕೊಂಡಿರುವ ನಮಗೆ ಇವನ ಮೈಕಟ್ಟು ಅಪರಿಚಿತವಲ್ಲ: ಮೈಯೆಲ್ಲ ತುಂಬಿಕೊಂಡಿದೆ, ತುದಿಗಳು ಮಾತ್ರ ಚುರುಕು. ಮೊದಲು ಒಂದೇ ದಪ್ಪದಲ್ಲಿ ಬಂದಿತ್ತು, ಈಗ 5 ದಪ್ಪಗಳಿವೆ. ಅದೇ ಗುಂಪಿನ ‘ಅನೇಕ್ ಕನ್ನಡ’ ಅಲಂಕಾರದ ಫಾಂಟ್ ಅಲ್ಲ. ಆದರೆ ದಪ್ಪವನ್ನೂ ಅಗಲವನ್ನೂ ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡಬಹುದು. ಕೊಪ್ಪಳದಂಥ ಬಿಗಿ ಹೆಸರನ್ನು ಹರಡಿಕೊಂಡು ಕೂರಿಸಬೇಕಾದಾಗ ನನ್ನ ಕೈ ತಾನಾಗಿ ಅದರ ಕಡೆ ಹೋಗುತ್ತದೆ. ‘ಅಕಾಯ ಕನಡಕ’ (Akaya Kanadaka) ಇನ್ನೊಂದು ರುಚಿ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ್ದು. ಒಂದೇ ದಪ್ಪ, ಪ್ರಯೋಗದ ಮನಸ್ಸು. ಇದಕ್ಕೆ ತೆಲುಗಿನಲ್ಲೂ ಜೋಡಿ ಇದೆ. ಬಳ್ಳಾರಿ, ರಾಯಚೂರಿನಲ್ಲಿ ಎರಡೂ ಭಾಷೆಯ ಬೋರ್ಡು ಬರೆಯುವವರಿಗೆ ಇದು ದೊಡ್ಡ ಅನುಕೂಲ. ಈ ಮೂರೂ ಮುಕ್ತ ಪರವಾನಗಿಯವು. ಬೋರ್ಡಿಗೆ, ಪ್ಯಾಕೆಟ್ಟಿಗೆ, ವ್ಯಾಪಾರಕ್ಕೆ ಬಳಸಲು ಹಣ ಕೊಡಬೇಕಿಲ್ಲ.

ಹಳೆಯ ಅಲಂಕಾರದ ಫಾಂಟುಗಳು ನಮ್ಮ ಅಂಗಡಿಗಳಲ್ಲಿ ಇನ್ನೂ ಇವೆ. ಶ್ರೀಲಿಪಿ, ನುಡಿಯ ಹಳೇ ರೂಪ ಇತ್ಯಾದಿ. ಅವುಗಳಲ್ಲಿ ಎಷ್ಟೋ, ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮೊದಲಿನವು. ಇಂಗ್ಲಿಷ್ ಕೀಲಿಯ ಜಾಗದಲ್ಲಿ ಕನ್ನಡದ ತುಂಡು ಕೂರಿಸಿದ್ದಾರೆ. ಮೊಬೈಲಿನಿಂದ ಕಳಿಸಿದ ಪಠ್ಯವನ್ನು ನೇರ ಅಂಟಿಸಿದರೆ ಅದು ಹಿಡಿಯುವುದಿಲ್ಲ, ಪರಿವರ್ತಕ ಬೇಕು. ಪರಿವರ್ತಿಸಿದ ಮೇಲೆ ಒತ್ತುಗಳನ್ನು ಒಂದೊಂದಾಗಿ ಓದಲೇಬೇಕು. ಯೂನಿಕೋಡ್ ಫಾಂಟಿನಲ್ಲೂ ಒಂದು ಗುಂಡಿ ಇದೆ. ಫೋಟೋಶಾಪ್‌ನಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆನ್ ಮಾಡದಿದ್ದರೆ ಬಳ್ಳಾರಿ ಒಡೆದು ‘ಬಳ್‌ಳಾರಿ’ ಆಗಿ ಬರಬಹುದು. ಇದನ್ನು ಗಮನಿಸದೆ ಅಚ್ಚಾದ ಬ್ಯಾನರುಗಳನ್ನು ಹೆದ್ದಾರಿ ಬದಿಯಲ್ಲಿ ನೀವೂ ನೋಡಿರುತ್ತೀರಿ, ಅಲ್ವಾ?

ಅಲಂಕಾರದ ಬಗ್ಗೆ ಹೇಳುವಾಗ ನನಗೆ ಕಿನ್ನಾಳದ ಗೊಂಬೆಗಳು ನೆನಪಾಗುತ್ತವೆ. ಕಿನ್ನಾಳ ನಮ್ಮ ಕೊಪ್ಪಳದ ಪಕ್ಕದ ಊರು, ಮರದ ಗೊಂಬೆಗೆ ಹೆಸರುವಾಸಿ, ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಬಣ್ಣ ಬಳಿಯುವ ಮೊದಲೇ ಗೊಂಬೆ ಗರುಡನೋ ಗೌರಿಯೋ ಅಂತ ಗೊತ್ತಾಗುವಂತೆ ಮೈ ಕೆತ್ತಿರುತ್ತಾರೆ. ಬಣ್ಣ, ಆಭರಣ, ಹೊಳಪು ಆಮೇಲೆ. ಅಕ್ಷರಕ್ಕೂ ಅದೇ ಕ್ರಮ ಬೇಕು. ಕಪ್ಪು ಬಿಳುಪಿನಲ್ಲಿ, ಯಾವ ನೆರಳೂ ಇಲ್ಲದೆ ಓದಿಸಿಕೊಳ್ಳದ ಪದವನ್ನು ಅಲಂಕಾರ ಉಳಿಸುವುದಿಲ್ಲ. ಓದಿಸಿಕೊಂಡರೆ ಆಗ ಒಂದು ಅಲಂಕಾರ ಆರಿಸಿಕೊಳ್ಳಿ. ಅಂಚು, ಇಲ್ಲವೇ ನೆರಳು, ಇಲ್ಲವೇ ಒಳಗೆ ಒಂದು ಗೆರೆ, ಇಲ್ಲವೇ ಹೂಬಳ್ಳಿ. ನಾಲ್ಕನ್ನೂ ಒಟ್ಟಿಗೆ ಹಾಕಿದರೆ ನಾಲ್ಕೂ ಸೇರಿ ಬಿಳಿಯನ್ನು ತಿನ್ನುತ್ತವೆ. ಕನ್ನಡದಲ್ಲಿ ನೆರಳಿನದು ಇನ್ನೊಂದು ತಕರಾರು. ನೇರ ಕೆಳಕ್ಕೆ ಬಿದ್ದ ನೆರಳು ಒತ್ತಕ್ಷರದ ತಲೆಯ ಮೇಲೆ ಬೀಳುತ್ತದೆ. ನಾನು ನೆರಳನ್ನು ಸ್ವಲ್ಪ ಪಕ್ಕಕ್ಕೆ, ಕಡಿಮೆ ಉದ್ದಕ್ಕೆ ಎಳೆಯುತ್ತೇನೆ. ಒತ್ತು ಇರುವ ಕಡೆ ಅದನ್ನು ಕತ್ತರಿಸಿ ಬಿಡುತ್ತೇನೆ.

ಬೋರ್ಡಿನ ಲೆಕ್ಕ

ರಾಯಚೂರಿನ ತೀನ್ ಕಂದೀಲ್ ಸುತ್ತ ಒಂದು ಸಂಜೆ ಸುತ್ತಾಡಿ. ಕನ್ನಡ, ಇಂಗ್ಲಿಷ್, ಉರ್ದು, ತೆಲುಗು, ಎಲ್ಲ ಲಿಪಿಗಳೂ ಕಣ್ಣಿಗೆ ಬೀಳುತ್ತವೆ. ರಾಯಚೂರು, ಕೊಪ್ಪಳ 1948ರವರೆಗೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದವು. ಬಳ್ಳಾರಿ ಮದ್ರಾಸಿನ ಕಡೆ ಇದ್ದು 1953ರಲ್ಲಿ ಮೈಸೂರು ರಾಜ್ಯ ಸೇರಿತು. ನಮ್ಮ ಬೀದಿಗಳ ಲಿಪಿಗಳಲ್ಲಿ ಆ ಇತಿಹಾಸ ಇನ್ನೂ ಇದೆ. 2024ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಮೇಲ್ಭಾಗದಲ್ಲಿ ಇರಬೇಕು. ಜಾಗವೇನೋ ಸಿಕ್ಕಿತು. ಆದರೆ ಆ ಜಾಗದಲ್ಲಿ ಕೂತ ಕನ್ನಡ ಎಷ್ಟೋ ಕಡೆ ಸೊರಗಿ ಕಾಣುತ್ತದೆ. ಕೆಳಗೆ ಇಂಗ್ಲಿಷ್ ಹೆಸರು ಮೈ ತುಂಬಿಕೊಂಡು ನಿಂತಿರುತ್ತದೆ. ಮೇಲೆ ಕನ್ನಡ, ಎಳೆದು ಅಗಲ ಮಾಡಿದ ಪುಸ್ತಕದ ಅಕ್ಷರ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಯಾಕೆ ಹೀಗಾಗುತ್ತದೆ ಅಂದರೆ, ಎತ್ತರವನ್ನು ತಪ್ಪಾಗಿ ಅಳೆಯುತ್ತೇವೆ. ಇಂಗ್ಲಿಷಿನ ದೊಡ್ಡಕ್ಷರಗಳ ಮೇಲೂ ಏನಿಲ್ಲ, ಕೆಳಗೂ ಏನಿಲ್ಲ. 1 ಅಡಿ ಅಂದರೆ 1 ಅಡಿಯೂ ಅಕ್ಷರವೇ. ಕನ್ನಡ ಪದವನ್ನು 1 ಅಡಿ ಎತ್ತರಕ್ಕೆ ಹೊಂದಿಸಿದರೆ ಗುಡಿಸು, ಒತ್ತು ಎರಡೂ ಆ ಅಡಿಯೊಳಗೇ ಸೇರಿಕೊಳ್ಳುತ್ತವೆ. ನಡುವಿನ ಮುಖ್ಯ ಮೈಗೆ ಉಳಿಯುವುದು ಅರ್ಧ ಅಡಿಯ ಆಸುಪಾಸು. ಹೊರಗಿನ ಅಳತೆ ಸಮ, ಕಣ್ಣಿಗೆ ಮಾತ್ರ ಕನ್ನಡ ಅರ್ಧ. ಪರಿಹಾರ ಸರಳ. ಒತ್ತು, ಗುಡಿಸು ಬಿಟ್ಟು ಅಕ್ಷರದ ಮೈಯನ್ನು ಇಂಗ್ಲಿಷಿನ ಎತ್ತರಕ್ಕೆ ಹೊಂದಿಸಿ. ಗೆರೆಯ ದಪ್ಪ ಎರಡರಲ್ಲೂ ಕಣ್ಣಿಗೆ ಒಂದೇ ಅನ್ನಿಸುವಂತೆ ಫಾಂಟ್ ಆರಿಸಿ. ಮೇಲೆ ಕೆಳಗೆ ಜಾಗ ಜಾಸ್ತಿ ಬೇಕಾಗುತ್ತದೆ. 60 ಭಾಗ ಇರುವುದೇ ಅದಕ್ಕೆ.

ದೂರದ ಲೆಕ್ಕವೂ ಒಂದಿದೆ. ಬೋರ್ಡು ಮಾಡುವವರಲ್ಲಿ ಚಾಲ್ತಿಯಲ್ಲಿರುವ ಅಂದಾಜು, 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಇದ್ದರೆ ಚೆನ್ನಾಗಿ ಓದಬಹುದು ಅಂತ. 60 ಅಡಿ ರಸ್ತೆಯ ಆಚೆಗೆ 6 ಇಂಚು. ಅದು ಇಂಗ್ಲಿಷ್ ದೊಡ್ಡಕ್ಷರದ ಲೆಕ್ಕ. ಕನ್ನಡಕ್ಕೆ ನಾನು ಒಂದೂವರೆ ಪಟ್ಟು ಹಿಡಿಯುತ್ತೇನೆ, ಅದೂ ಅಕ್ಷರದ ಮೈಗೆ. ಎರಡು ಸಾಲಿನ ಬೋರ್ಡಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯದಂತೆ ಪದಗಳನ್ನು ಒಂದಿಷ್ಟು ಅತ್ತಿತ್ತ ಸರಿಸಬೇಕು.

ಎಲ್ಲಿ ಈ ಅಕ್ಷರ ಬೇಡ ಅನ್ನುವುದೂ ಮುಖ್ಯ. ಅಂಗಡಿಯ ಹೆಸರಿಗೆ ಬೇಕು, ಕೆಳಗಿನ ವಿಳಾಸಕ್ಕೆ ಬೇಡ. ಮದುವೆ ಕಾರ್ಡಿನಲ್ಲಿ ವಧು ವರರ ಹೆಸರಿಗೆ ಒಪ್ಪುತ್ತದೆ, ಮುಹೂರ್ತದ ಸಾಲಿಗೆ ಒಪ್ಪುವುದಿಲ್ಲ. ಮೆಣಸಿನಪುಡಿ ಪ್ಯಾಕೆಟ್ಟು, ನಾಟಕದ ಪೋಸ್ಟರು, ಕಬಡ್ಡಿ ತಂಡದ ಜೆರ್ಸಿ, ಮಕ್ಕಳ ಪುಸ್ತಕದ ಮುಖಪುಟ, ಇಲ್ಲೆಲ್ಲ ಅದು ಮನೆಯ ಹುಡುಗನಂತೆ ಹೊಂದಿಕೊಳ್ಳುತ್ತದೆ. ಆಸ್ಪತ್ರೆಯ ದಾರಿ ತೋರಿಸುವ ಫಲಕದಲ್ಲಿ, ಔಷಧಿ ಚೀಟಿಯಲ್ಲಿ ಖಂಡಿತ ಬೇಡ. ನನಗೆ ತೀರಾ ಕಸಿವಿಸಿ ಆಗುವುದು ಶ್ರದ್ಧಾಂಜಲಿಯ ಫ್ಲೆಕ್ಸ್ ನೋಡಿದಾಗ. ಬಂಗಾರದ ಬಣ್ಣ, ಉಬ್ಬಿದ ಅಕ್ಷರ, ಹೊಳೆಯುವ ಅಂಚು, ಅದರ ಕೆಳಗೆ ತೀರಿಕೊಂಡವರ ಮುಖ. ಅವರ ಮನೆಯವರು ಕೇಳಿದ್ದು ‘ಚೆನ್ನಾಗಿ ಮಾಡ್ರಿ’ ಅಂತ ಅಷ್ಟೇ. ದುಃಖದ ಮಾತಿಗೆ ಜಾತ್ರೆಯ ಅಕ್ಷರ ಹಾಕಿದವರು ನಾವು, ಡಿಸೈನ್ ಮಾಡುವವರು. ಈಗ ಅಂಥ ಕೆಲಸ ಬಂದರೆ ತೆಳು ಅಕ್ಷರ, ಸುತ್ತ ದೊಡ್ಡ ಖಾಲಿ ಜಾಗ ಬಿಟ್ಟು ಒಂದು ಮಾದರಿ ಮಾಡಿ ತೋರಿಸುತ್ತೇನೆ. ನೋಡಿದ ಮೇಲೆ ಅವರೇ ಅದನ್ನು ಆರಿಸಿಕೊಳ್ಳುತ್ತಾರೆ.

ಪ್ರಿಂಟಿಗೆ ಕಳಿಸುವ ಮುಂಚೆ ನಾನು ಮಾಡುವ ಕೆಲಸ ಒಂದೇ. ಪದವನ್ನು ಕಪ್ಪು ಬಿಳುಪಿನಲ್ಲಿ ಅಂಚೆಚೀಟಿಯಷ್ಟು ಚಿಕ್ಕದಾಗಿ ತೆಗೆದು ಗೋಡೆಗೆ ಅಂಟಿಸುತ್ತೇನೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿ ನೋಡುತ್ತೇನೆ. ‘ಠ’ದ ಚುಕ್ಕೆ, ‘ಧ’ದ ಗೀಟು, ಒತ್ತಿನ ಹೊಟ್ಟೆ, ಮೂರೂ ತೆರೆದಿದ್ದರೆ ಫೈಲು ಹೋಗುತ್ತದೆ. ಇಲ್ಲದಿದ್ದರೆ ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಬರೀ ಗೆರೆಯ ಚಿತ್ರವಾಗಿ ಬದಲಿಸಿ, ಅದರ ಬಿಂದುಗಳನ್ನು ಕೈಯಿಂದಲೇ ಎಳೆಯುತ್ತೇನೆ.

ಆ ‘ಧನ’ದ ಬೋರ್ಡನ್ನೂ ಹಾಗೇ ಸರಿ ಮಾಡಿದ್ದು. ‘ಧ’ದ ಗೀಟಿನ ಎರಡೂ ಪಕ್ಕ ಒಂದೊಂದು ಇಂಚು ಬಿಳಿ ಬಿಟ್ಟೆ. ಮೇಲಿನ ಬಾಗಿನ ದಪ್ಪವನ್ನು ಹಾಗೇ ಉಳಿಸಿ ಕೆಳಗಿನದನ್ನು ಇಳಿಸಿದೆ. ನೆರಳು ತೆಗೆದೆ. ಅಲ್ಲಿಂದೀಚೆಗೆ ನಮ್ಮ ಬಿಸಿಲಿಗೆ ಆ ಫ್ಲೆಕ್ಸಿನ ಕೆಂಪು ಮಾಸಿ ಗುಲಾಬಿ ಆಗಿದೆ, ಒಂದು ಮೂಲೆ ಹರಿದಿದೆ. ರಸ್ತೆಯ ಆಚೆ ಬದಿಯಿಂದ ನೋಡಿದರೆ ‘ಧ’ ಮಾತ್ರ ಇವತ್ತಿಗೂ ‘ಧ’ ಅಂತಲೇ ಓದಿಸಿಕೊಳ್ಳುತ್ತದೆ.